ಪ್ರಬಲ ಆಮ್ಲ, ದುರ್ಬಲ ಆಮ್ಲ: ನೀರಿನಲ್ಲಿ ವಿಯೋಜನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಅಂಕಿಗಳೆಲ್ಲ, ಬೇರೆ ಹೇಳದಿದ್ದರೆ, 25 °ಸೆ ಉಷ್ಣತೆಗೆ ಸಂಬಂಧಿಸಿದವು. ವಿಯೋಜನೆ ಎಂದರೆ ಆಮ್ಲದ ಅಣು ನೀರಿನಲ್ಲಿ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗಿ, ಒಡೆಯುವುದು. ಅಸಿಟಿಕ್ ಆಮ್ಲದ ವಿಯೋಜನಾ ಸ್ಥಿರಾಂಕವನ್ನು (ವಿವರ ಮುಂದಿದೆ) ಎಲ್ಲ ಕಡೆ 1.75 × 10⁻⁵ ಎಂದೇ ಹಿಡಿದಿದ್ದೇವೆ. ಕೆಲವು ಪುಸ್ತಕಗಳಲ್ಲಿ 1.8 × 10⁻⁵ ಎಂದಿರುತ್ತದೆ. ಆಗ ಪಿಎಚ್‌ನ ಎರಡನೇ ದಶಮಾಂಶ ಸ್ಥಾನದಲ್ಲಿ ಒಂದಷ್ಟು ವ್ಯತ್ಯಾಸ ಬರಬಹುದು, ಗಾಬರಿ ಬೇಡ. ಪಿಎಚ್ ಎಂದರೆ ದ್ರಾವಣ ಎಷ್ಟು ಆಮ್ಲೀಯ ಎಂಬುದರ ಅಳತೆ: ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು, 7 ತಟಸ್ಥ.

ಆಮ್ಲವನ್ನು ನೀರಿಗೆ ಹಾಕಿದಾಗ ನಿಜವಾಗಿ ಏನಾಗುತ್ತದೆ?

ಆಮ್ಲದ ಅಣು ತನ್ನಲ್ಲಿರುವ ಒಂದು ಪ್ರೋಟಾನನ್ನು ನೀರಿನ ಅಣುವಿಗೆ ಕೊಡುತ್ತದೆ. ಪ್ರೋಟಾನ್ ಪಡೆದ ನೀರು ಹೈಡ್ರೋನಿಯಂ ಅಯಾನು ಆಗುತ್ತದೆ, ಪ್ರೋಟಾನ್ ಕಳೆದುಕೊಂಡ ಆಮ್ಲ ಋಣ ಅಯಾನು ಆಗುತ್ತದೆ. ಪುಸ್ತಕಗಳಲ್ಲಿ ಅನುಕೂಲಕ್ಕೆ ‘ಹೈಡ್ರೋಜನ್ ಅಯಾನು’ ಎಂದು ಬರೆದರೂ, ಬರಿಯ ಪ್ರೋಟಾನ್ ನೀರಿನಲ್ಲಿ ಒಂಟಿಯಾಗಿ ಇರುವುದಿಲ್ಲ. ಆದ್ದರಿಂದ ನೀರು ಇಲ್ಲಿ ಸುಮ್ಮನೆ ಜಾಗ ಕೊಡುವ ದ್ರಾವಕವಲ್ಲ. ಪ್ರೋಟಾನನ್ನು ಸ್ವೀಕರಿಸುವ ಪ್ರತ್ಯಾಮ್ಲವೂ ಅದೇ. ಆಮ್ಲ ಎಂದರೆ ಪ್ರೋಟಾನ್ ಕೊಡುವ ವಸ್ತು ಎಂಬ ವ್ಯಾಖ್ಯೆಯನ್ನು ರಸಾಯನಶಾಸ್ತ್ರಜ್ಞರಾದ ಬ್ರಾನ್‌ಸ್ಟೆಡ್ ಮತ್ತು ಲೌರಿ ಇಬ್ಬರೂ 1923ರಲ್ಲಿ ಬೇರೆ ಬೇರೆಯಾಗಿ ಮುಂದಿಟ್ಟರು. ಅದಕ್ಕೂ ಮೊದಲು, 1884ರಲ್ಲಿ, ದ್ರಾವಣದಲ್ಲಿ ಅಯಾನುಗಳು ತಾವಾಗಿಯೇ ಬೇರೆಯಾಗಿರುತ್ತವೆ ಎಂಬ ವಿಚಾರವನ್ನು ಸ್ವೀಡನ್ನಿನ ವಿಜ್ಞಾನಿ ಅರೀನಿಯಸ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಮಂಡಿಸಿದ್ದ.

ನೀರಿಲ್ಲದೆ ಇದು ನಡೆಯುವುದಿಲ್ಲ ಎನ್ನುವುದಕ್ಕೆ ಗ್ಲೇಸಿಯಲ್, ಅಂದರೆ ಹೆಚ್ಚುಕಮ್ಮಿ ನೀರೇ ಇಲ್ಲದ, ಅಸಿಟಿಕ್ ಆಮ್ಲವೇ ಸಾಕ್ಷಿ. ಅದು ಸುಮಾರು 17.4 ಮೋಲಾರ್ (ಲೀಟರಿಗೆ 17.4 ಮೋಲ್), ಆದರೂ ವಿದ್ಯುತ್ತನ್ನು ಹೆಚ್ಚುಕಮ್ಮಿ ಹರಿಸುವುದೇ ಇಲ್ಲ. ನೀರು ಬೆರೆಸುತ್ತ ಹೋದರೆ ವಾಹಕತೆ ಏರುತ್ತದೆ, ಒಂದು ಗರಿಷ್ಠ ಮುಟ್ಟಿ, ಇನ್ನೂ ನೀರು ಹೆಚ್ಚಾದಾಗ ಇಳಿಯುತ್ತದೆ.

ಪ್ರಬಲ ಆಮ್ಲ ಎಂದರೆ ಸಾರೀಕೃತ ಆಮ್ಲ ಎಂದೇ ಅರ್ಥವೇ?

ಅಲ್ಲ. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಈ ಗೊಂದಲದಿಂದ. ಪ್ರಬಲತೆ ಎಂದರೆ ಕರಗಿದ ಅಣುಗಳಲ್ಲಿ ಎಷ್ಟು ಪಾಲು ಅಯಾನುಗಳಾಗಿವೆ ಎಂಬುದು. ಸಾರತೆ ಎಂದರೆ ಒಂದು ಲೀಟರಿನಲ್ಲಿ ಒಟ್ಟು ಎಷ್ಟು ಮೋಲ್ ಆಮ್ಲ ಇದೆ ಎಂಬುದು. 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸಾರರಿಕ್ತ, ಆದರೂ ಪ್ರಬಲ. 10 ಮೋಲಾರ್ ಅಸಿಟಿಕ್ ಆಮ್ಲ ಸಾರೀಕೃತ, ಆದರೂ ದುರ್ಬಲ. ನೀರು ಎಷ್ಟೇ ಸುರಿದರೂ ಪ್ರಬಲ ಆಮ್ಲ ದುರ್ಬಲ ಆಮ್ಲವಾಗಿ ಬದಲಾಗುವುದಿಲ್ಲ.

ಯಾವ ಆಮ್ಲಗಳು ಪ್ರಬಲ? ಪಟ್ಟಿ ಬಾಯಿಪಾಠ ಮಾಡಲೇಬೇಕೆ?

ಮಾಡುವುದು ಒಳ್ಳೆಯದು, ಏಕೆಂದರೆ ಪಟ್ಟಿ ಚಿಕ್ಕದು: ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರೋಅಯೋಡಿಕ್, ನೈಟ್ರಿಕ್, ಪರ್‌ಕ್ಲೋರಿಕ್, ಕ್ಲೋರಿಕ್, ಮತ್ತು ಮೊದಲ ಪ್ರೋಟಾನಿನ ಮಟ್ಟಿಗೆ ಸಲ್ಫ್ಯೂರಿಕ್. ಆರಂಭದ ಪಾಠಗಳಲ್ಲಿ ಎದುರಾಗುವ ಉಳಿದ ಆಮ್ಲಗಳನ್ನೆಲ್ಲ ದುರ್ಬಲ ಎಂದುಕೊಂಡು ಸ್ಥಿರಾಂಕ ಹುಡುಕಿದರೆ ತಪ್ಪುವ ಸಂಭವ ಕಡಿಮೆ.

ದುರ್ಬಲ ಆಮ್ಲ ನಿಧಾನವಾಗಿ ಒಡೆಯುತ್ತದೆ. ಸಾಕಷ್ಟು ಹೊತ್ತು ಬಿಟ್ಟರೆ ಪೂರ್ತಿ ಒಡೆಯುತ್ತದೆ, ಅಲ್ಲವೇ?

ಇಲ್ಲ. ವಿಯೋಜನೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಸಮತೋಲ ತಲುಪುತ್ತದೆ. ಅಸಿಟಿಕ್ ಆಮ್ಲದ ಒಂದು ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಪ್ರೋಟಾನ್ ಬಿಟ್ಟುಕೊಡುತ್ತದೆ. ಆದರೆ ಅಸಿಟೇಟ್ ಮತ್ತು ಹೈಡ್ರೋನಿಯಂ ಎದುರಾದರೆ ಮರಳಿ ಸೇರುವುದು ಅದಕ್ಕಿಂತಲೂ ಸಲೀಸು. ಎರಡೂ ದಿಕ್ಕಿನ ವೇಗ ಸಮನಾದಾಗ, ಯಾವುದೇ ಕ್ಷಣದಲ್ಲಿ ನೋಡಿದರೂ, ಒಡೆದ ಸ್ಥಿತಿಯಲ್ಲಿರುವ ಅಣುಗಳ ಪಾಲು ಒಂದೇ ಆಗಿರುತ್ತದೆ. 0.1 ಮೋಲಾರ್ ದ್ರಾವಣದಲ್ಲಿ ಆ ಪಾಲು ಸುಮಾರು 1.3%. ಬಾಟಲಿಯನ್ನು ವರ್ಷವಿಡೀ ಇಟ್ಟರೂ ಅಷ್ಟೇ. ಒಡೆದ ಆ 1.3% ಅಣುಗಳು ಪ್ರತ್ಯೇಕ ಗುಂಪೇನಲ್ಲ. ಈಗ ಒಡೆದಿರುವ ಅಣು ಮರುಕ್ಷಣ ಕೂಡಿಕೊಂಡಿರುತ್ತದೆ, ಅದರ ಬದಲಿಗೆ ಇನ್ನೊಂದು ಒಡೆದಿರುತ್ತದೆ.

ಕೆಎ ಮತ್ತು ಪಿಕೆಎ ಹೇಳುವುದೇನು?

ಕೆಎ ಎಂದರೆ ಆಮ್ಲದ ವಿಯೋಜನಾ ಸ್ಥಿರಾಂಕ: ಹೈಡ್ರೋನಿಯಂ ಸಾರತೆಯನ್ನು ಋಣ ಅಯಾನಿನ ಸಾರತೆಯಿಂದ ಗುಣಿಸಿ, ಒಡೆಯದೆ ಉಳಿದ ಆಮ್ಲದ ಸಾರತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಪಿಕೆಎ ಅದರ ಋಣ ಲಾಗರಿದಮ್. ಅಸಿಟಿಕ್ ಆಮ್ಲಕ್ಕೆ ಇದು 4.76. ಪಿಕೆಎ ಒಂದು ಕಡಿಮೆಯಾದರೆ ಕೆಎ ಹತ್ತು ಪಟ್ಟು ಹೆಚ್ಚುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಪಿಕೆಎ ಸೊನ್ನೆಗಿಂತ ಬಹಳ ಕೆಳಗಿದೆ, ಹಾಗಾಗಿ ಸಾಮಾನ್ಯ ಲೆಕ್ಕಗಳಲ್ಲಿ ಅದರ ಕೆಎ ಬಳಸುವ ಪ್ರಮೇಯವೇ ಬರುವುದಿಲ್ಲ.

ಅಣುವಿನ ರಚನೆ ಬದಲಾದರೆ ಪಿಕೆಎ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಅಸಿಟಿಕ್ ಆಮ್ಲಕ್ಕೇ ಕ್ಲೋರಿನ್ ಸೇರಿಸುತ್ತ ಹೋಗಿ. ಒಂದು ಕ್ಲೋರಿನ್ ಸೇರಿದರೆ 4.76ರಿಂದ ಸುಮಾರು 2.87ಕ್ಕೆ ಇಳಿಯುತ್ತದೆ, ಮೂರು ಸೇರಿದರೆ 1ಕ್ಕಿಂತಲೂ ಕೆಳಗೆ. ಕ್ಲೋರಿನ್ ಇಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಋಣ ಅಯಾನಿನ ಆವೇಶ ಹರಡಿಹೋಗಿ ಅಯಾನು ಸ್ಥಿರವಾಗುತ್ತದೆ. ಪ್ರೋಟಾನನ್ನು ಮರಳಿ ಪಡೆಯುವ ಒಲವು ಅದಕ್ಕೆ ಕಡಿಮೆಯಾಗುತ್ತದೆ.

0.1 ಮೋಲಾರ್ ಅಸಿಟಿಕ್ ಆಮ್ಲದ ಪಿಎಚ್ ಲೆಕ್ಕ ಹಾಕುವುದು ಹೇಗೆ?

ಲೀಟರಿಗೆ ಕ್ಷ ಮೋಲ್ ಒಡೆದಿದೆ ಎಂದುಕೊಳ್ಳಿ. ಆಗ ಹೈಡ್ರೋನಿಯಂ ಕ್ಷ, ಅಸಿಟೇಟ್ ಕ್ಷ, ಒಡೆಯದೆ ಉಳಿದದ್ದು 0.1 − ಕ್ಷ.

ಕ್ಷ² ÷ (0.1 − ಕ್ಷ) = 1.75 × 10⁻⁵

ಕ್ಷ ತೀರ ಚಿಕ್ಕದು ಎಂದು ಊಹಿಸಿ ಛೇದದಲ್ಲಿ ಅದನ್ನು ಬಿಟ್ಟರೆ ಕ್ಷ² = 1.75 × 10⁻⁶, ಅಂದರೆ ಕ್ಷ = 1.32 × 10⁻³ (ಇದೇ ಹೈಡ್ರೋನಿಯಂ ಸಾರತೆ; ಇದರ ಋಣ ಲಾಗರಿದಮ್ಮೇ ಪಿಎಚ್). ಪಿಎಚ್ 2.88. ವಿಯೋಜನೆ 1.3%. ಇದೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಲೆಕ್ಕವೇ ಬೇಡ: ಪಿಎಚ್ 1.

ಊಹೆ ಸರಿಯಾಗಿತ್ತೇ ಎಂದು ಕೊನೆಯಲ್ಲಿ ನೋಡಲೇಬೇಕು, ಹೆಚ್ಚಿನವರು ಬಿಡುವುದು ಇದನ್ನೇ. ಬಂದ ಕ್ಷ, ಮೂಲ ಸಾರತೆಯ 5% ಒಳಗಿದ್ದರೆ ನಡೆಯುತ್ತದೆ. ಮೀರಿದರೆ ವರ್ಗ ಸಮೀಕರಣವನ್ನೇ ಬಿಡಿಸಿ. 0.001 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಅಡ್ಡದಾರಿಯಲ್ಲಿ 13.2% ವಿಯೋಜನೆ ಬರುತ್ತದೆ, ಪೂರ್ತಿ ಲೆಕ್ಕದಲ್ಲಿ 12.4%. ಪಿಎಚ್‌ನಲ್ಲಿ ವ್ಯತ್ಯಾಸ 0.03 ಮಾತ್ರ, ಆದರೆ ಶೇಕಡಾವಾರು ಕೇಳಿದ್ದರೆ ಉತ್ತರ ತಪ್ಪಾಗುತ್ತದೆ.

ನೀರು ಸೇರಿಸಿದಷ್ಟೂ ದುರ್ಬಲ ಆಮ್ಲ ಹೆಚ್ಚು ಒಡೆಯುತ್ತದೆ ಎನ್ನುತ್ತೀರಿ. ಹಾಗಾದರೆ ಪಿಎಚ್ ಇಳಿಯಬೇಕಲ್ಲವೇ?

ಒಡೆದ ಪಾಲು ಏರುತ್ತದೆ, ಒಡೆದವುಗಳ ಸಾರತೆ ಇಳಿಯುತ್ತದೆ. ಎರಡೂ ಒಟ್ಟಿಗೇ ನಿಜ. ಅಸಿಟಿಕ್ ಆಮ್ಲದ ಅಂಕಿಗಳನ್ನು ಸಾಲಾಗಿ ನೋಡಿದರೆ ತಿಳಿಯುತ್ತದೆ:

1 ಮೋಲಾರ್: ವಿಯೋಜನೆ 0.42%, ಪಿಎಚ್ 2.38
0.1 ಮೋಲಾರ್: ವಿಯೋಜನೆ 1.3%, ಪಿಎಚ್ 2.88
0.01 ಮೋಲಾರ್: ವಿಯೋಜನೆ 4.1%, ಪಿಎಚ್ 3.39
0.001 ಮೋಲಾರ್: ವಿಯೋಜನೆ 12.4%, ಪಿಎಚ್ 3.91
0.00001 ಮೋಲಾರ್: ವಿಯೋಜನೆ ಸುಮಾರು 71%, ಪಿಎಚ್ 5.15

ಮೊದಲ ಮೂರು ಸಾಲುಗಳಲ್ಲಿ ಸಾರತೆ ಹತ್ತು ಪಟ್ಟು ಕಡಿಮೆಯಾದಾಗ ಪಿಎಚ್ ಸುಮಾರು 0.5 ಮಾತ್ರ ಏರಿದೆ. ಪ್ರಬಲ ಆಮ್ಲದಲ್ಲಿ ಅದು ಪೂರ್ತಿ ಒಂದು ಏರುತ್ತಿತ್ತು. ಗುರುತಿಲ್ಲದ ಒಂದು ಆಮ್ಲ ಪ್ರಬಲವೋ ದುರ್ಬಲವೋ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಪಿಎಚ್ ಅಳೆದು, 10 ಮಿ.ಲೀ. ತೆಗೆದು 100 ಮಿ.ಲೀ.ಗೆ ತುಂಬಿಸಿ, ಮತ್ತೆ ಅಳೆಯಿರಿ. ಸಾರತೆಗೂ ವಿಯೋಜನೆಗೂ ಇರುವ ಈ ಸಂಬಂಧವನ್ನು ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್ 1888ರಲ್ಲಿ ನಿಯಮದ ರೂಪದಲ್ಲಿ ಕೊಟ್ಟ.

ಹೀಗೇಕೆ ಎಂದರೆ, ನೀರು ಹೆಚ್ಚಾದಾಗ ಅಯಾನುಗಳು ಒಂದನ್ನೊಂದು ಸಂಧಿಸುವುದು ಅಪರೂಪವಾಗುತ್ತದೆ. ಒಡೆಯಲು ಒಂದು ಅಣು ಸಾಕು, ಕೂಡಲು ಎರಡು ಅಯಾನುಗಳು ಎದುರಾಗಬೇಕು.

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಆಗುತ್ತದೆಯೇ?

ಆಮ್ಲ ಹಾಕಿದ ನೀರು ಪ್ರತ್ಯಾಮ್ಲೀಯ ಆಗಲು ಸಾಧ್ಯವೇ ಇಲ್ಲ. ನೀರು ತಾನೇ ಒಡೆದು 10⁻⁷ ಮೋಲಾರ್ ಹೈಡ್ರೋನಿಯಂ ಕೊಡುತ್ತದೆ. ಇಷ್ಟು ಸಾರರಿಕ್ತ ದ್ರಾವಣದಲ್ಲಿ ಅದನ್ನು ಕೈಬಿಡುವಂತಿಲ್ಲ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಪಿಎಚ್ 6.98. ಸುಮ್ಮನೆ 10⁻⁸ಕ್ಕೆ 10⁻⁷ ಕೂಡಿಸಿದರೂ ಪೂರ್ತಿ ಸರಿಯಲ್ಲ, ಏಕೆಂದರೆ ಆಮ್ಲ ಬಂದಾಗ ನೀರಿನ ಸ್ವಂತ ವಿಯೋಜನೆ ತುಸು ಹಿಂದೆ ಸರಿಯುತ್ತದೆ. ಆಮ್ಲದ ಸಾರತೆ 10⁻⁶ ಮೋಲಾರ್‌ಗಿಂತ ಕೆಳಗಿಳಿದಾಗಲೆಲ್ಲ ಈ ಎಚ್ಚರ ಇರಲಿ.

ಸಲ್ಫ್ಯೂರಿಕ್ ಆಮ್ಲದಲ್ಲಿ ಎರಡು ಪ್ರೋಟಾನ್ ಇವೆ. 0.1 ಮೋಲಾರ್ ದ್ರಾವಣದಲ್ಲಿ ಹೈಡ್ರೋನಿಯಂ 0.2 ಮೋಲಾರ್ ತಾನೇ?

ಪಿಎಚ್ ಲೆಕ್ಕದಲ್ಲಿ ಅಲ್ಲ. ಮೊದಲ ಪ್ರೋಟಾನ್ ಪೂರ್ತಿ ಹೋಗುತ್ತದೆ. ಎರಡನೆಯದು, ಆಗ ಉಳಿಯುವ ಬೈಸಲ್ಫೇಟ್ ಅಯಾನಿನಿಂದ ಹೊರಡಬೇಕು. ಅದರ ಸ್ಥಿರಾಂಕ ಸುಮಾರು 1.2 × 10⁻². ಜೊತೆಗೆ ಮೊದಲ ಹಂತದಲ್ಲಿ ಬಂದ 0.1 ಮೋಲಾರ್ ಹೈಡ್ರೋನಿಯಂ ಆಗಲೇ ದ್ರಾವಣದಲ್ಲಿದ್ದು ಎರಡನೇ ಹಂತವನ್ನು ಅದುಮುತ್ತದೆ. ಸಮೀಕರಣ ಬಿಡಿಸಿದರೆ ಎರಡನೇ ಹಂತದ ಕೊಡುಗೆ ಸುಮಾರು 0.01 ಮೋಲಾರ್ ಮಾತ್ರ. ಒಟ್ಟು 0.11, ಪಿಎಚ್ 0.96. 0.2 ಎಂದು ಹಿಡಿದಿದ್ದರೆ 0.70 ಬರುತ್ತಿತ್ತು.

ಟೈಟ್ರೇಶನ್‌ನಲ್ಲಿ (ಆಮ್ಲಕ್ಕೆ ಪ್ರತ್ಯಾಮ್ಲವನ್ನು ಅಳೆದು ಹಾಕುತ್ತ ತಟಸ್ಥಗೊಳಿಸುವ ವಿಧಾನ) ಮಾತ್ರ ಎರಡೂ ಪ್ರೋಟಾನ್ ಲೆಕ್ಕಕ್ಕೆ ಬರುತ್ತವೆ, ಏಕೆಂದರೆ ಪ್ರತ್ಯಾಮ್ಲ ಅವನ್ನು ಬಿಡದೆ ಸೆಳೆಯುತ್ತದೆ. ಫಾಸ್ಪಾರಿಕ್ ಆಮ್ಲದ್ದು ಮೂರು ಹಂತ: ಪಿಕೆಎ 2.15, 7.20 ಮತ್ತು ಸುಮಾರು 12.3. ಹಂತಗಳ ನಡುವೆ ಇಷ್ಟು ಅಂತರ ಇರುವುದರಿಂದ ಅದರ ಬರಿಯ ದ್ರಾವಣದ ಪಿಎಚ್‌ಗೆ ಮೊದಲ ಹಂತವೊಂದೇ ಸಾಕು.

ಹೈಡ್ರೋಕ್ಲೋರಿಕ್‌ಗಿಂತ ಪರ್‌ಕ್ಲೋರಿಕ್ ಇನ್ನೂ ಪ್ರಬಲ ಎನ್ನುತ್ತಾರೆ. ನೀರಿನಲ್ಲಿ ಎರಡರ ಪಿಎಚ್ ಒಂದೇ ಏಕೆ?

ಎರಡೂ ತಮ್ಮ ಪ್ರೋಟಾನುಗಳನ್ನೆಲ್ಲ ನೀರಿಗೆ ಒಪ್ಪಿಸಿಬಿಡುತ್ತವೆ. ಆಮೇಲೆ ದ್ರಾವಣದಲ್ಲಿ ಉಳಿಯುವ ಆಮ್ಲ ಹೈಡ್ರೋನಿಯಂ ಒಂದೇ. ಅದಕ್ಕಿಂತ ಪ್ರಬಲವಾದ ಯಾವ ಆಮ್ಲವೂ ಸಾರರಿಕ್ತ ಜಲೀಯ ದ್ರಾವಣದಲ್ಲಿ ಉಳಿಯಲಾರದು. ಇದಕ್ಕೆ ಸಮೀಕರಿಸುವ ಪರಿಣಾಮ ಎನ್ನುತ್ತಾರೆ. ಪ್ರೋಟಾನ್ ಸ್ವೀಕರಿಸಲು ನೀರಿನಷ್ಟು ಉತ್ಸಾಹವಿಲ್ಲದ ಗ್ಲೇಸಿಯಲ್ ಅಸಿಟಿಕ್ ಆಮ್ಲವನ್ನು ದ್ರಾವಕವಾಗಿ ಬಳಸಿದರೆ ಅಂತರ ಬಯಲಾಗುತ್ತದೆ: ಅಲ್ಲಿ ಪರ್‌ಕ್ಲೋರಿಕ್ ಎಲ್ಲಕ್ಕಿಂತ ಮುಂದೆ, ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಹಿಂದೆ.

ಹೈಡ್ರೋಫ್ಲೂರಿಕ್ ದುರ್ಬಲ ಆಮ್ಲವಾದರೆ ಅದಕ್ಕೆ ಅಷ್ಟು ಹೆದರುವುದೇಕೆ?

ಪ್ರಬಲತೆಗೂ ಅಪಾಯಕ್ಕೂ ನೇರ ಸಂಬಂಧವಿಲ್ಲ. ಹೈಡ್ರೋಫ್ಲೂರಿಕ್ ಆಮ್ಲದ ಪಿಕೆಎ ಸುಮಾರು 3.2. ಹೈಡ್ರೋಜನ್–ಫ್ಲೂರಿನ್ ಬಂಧ ಬಹಳ ಗಟ್ಟಿ, ಮೋಲಿಗೆ ಸುಮಾರು 570 ಕಿಲೋಜೌಲ್. ಹೈಡ್ರೋಜನ್–ಕ್ಲೋರಿನ್ ಬಂಧಕ್ಕೆ ಸುಮಾರು 430. ದುರ್ಬಲತೆಗೆ ಅದೊಂದು ಮುಖ್ಯ ಕಾರಣ. ಆದರೆ ಒಡೆಯದೆ ಉಳಿದ ಅಣುವಿಗೆ ಆವೇಶವಿಲ್ಲದ ಕಾರಣ ಅದು ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಒಳಗೆ ಹೋದ ಫ್ಲೂರೈಡ್ ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಬಿಡುತ್ತದೆ, ಹೃದಯದ ಬಡಿತವೂ ತಪ್ಪಬಹುದು. ಸಾರರಿಕ್ತ ದ್ರಾವಣ ತಾಗಿದರೆ ನೋವು ಕೆಲವು ಗಂಟೆಗಳ ನಂತರ ಶುರುವಾಗುವುದೂ ಉಂಟು. ಗಾಜನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಈ ಬಾಟಲಿಯ ಮುಚ್ಚಳ ತೆಗೆಯಬಾರದು. ತರಗತಿಯ ಪ್ರಯೋಗಕ್ಕಂತೂ ಇದು ಬೇಡವೇ ಬೇಡ.

ದುರ್ಬಲ ಆಮ್ಲವನ್ನು ತಟಸ್ಥಗೊಳಿಸಲು ಕಡಿಮೆ ಪ್ರತ್ಯಾಮ್ಲ ಸಾಕೇ?

ಸಾಲದು. 0.1 ಮೋಲಾರ್ ಹೈಡ್ರೋಕ್ಲೋರಿಕ್ 25 ಮಿ.ಲೀ.ಗೂ 0.1 ಮೋಲಾರ್ ಅಸಿಟಿಕ್ 25 ಮಿ.ಲೀ.ಗೂ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 25 ಮಿ.ಲೀ. ಬೇಕು. ಒಡೆದಿದ್ದ 1.3% ಅನ್ನು ಪ್ರತ್ಯಾಮ್ಲ ಮುಗಿಸುತ್ತಿದ್ದಂತೆ ಸಮತೋಲ ಮುಂದೆ ಸರಿದು ಇನ್ನಷ್ಟು ಒಡೆಯುತ್ತದೆ, ಕೊನೆಯ ಅಣುವಿನವರೆಗೆ.

ಬೆರಗಾಗಿಸುವ ಹೋಲಿಕೆ ಬೇಕೆಂದರೆ ಒಂದೇ ಸಾರತೆಯ ಬದಲು ಒಂದೇ ಪಿಎಚ್ ಇರುವ ದ್ರಾವಣಗಳನ್ನು ತೆಗೆದುಕೊಳ್ಳಿ. ಪಿಎಚ್ 3 ಇರುವ ಹೈಡ್ರೋಕ್ಲೋರಿಕ್ ಆಮ್ಲ 0.001 ಮೋಲಾರ್. ಅದೇ ಪಿಎಚ್ ಬರಲು ಅಸಿಟಿಕ್ ಆಮ್ಲ 0.058 ಮೋಲಾರ್ ಇರಬೇಕು. ಎರಡರಿಂದಲೂ 100 ಮಿ.ಲೀ. ತೆಗೆದು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಮೊದಲನೆಯದು 1 ಮಿ.ಲೀ.ಗೇ ಮುಗಿಯುತ್ತದೆ, ಎರಡನೆಯದು 58 ಮಿ.ಲೀ. ಕುಡಿಯುತ್ತದೆ. ಪಿಎಚ್ ಪಟ್ಟಿ ಎರಡಕ್ಕೂ ಒಂದೇ ಬಣ್ಣ ತೋರಿಸಿತ್ತು!

ಅಸಿಟಿಕ್ ಆಮ್ಲದ ಟೈಟ್ರೇಶನ್‌ಗೆ ಮೀಥೈಲ್ ಆರೆಂಜ್ ಹಾಕಿದರೆ ಏನು ತೊಂದರೆ?

ಅಂತ್ಯಬಿಂದು (ಬಣ್ಣ ತಿರುಗುವ ಹಂತ) ಬಹಳ ಬೇಗ, ಅದೂ ಮಸುಕಾಗಿ ಬರುತ್ತದೆ. ಮೀಥೈಲ್ ಆರೆಂಜ್ ಎಂಬ ಸೂಚಕ (ಪಿಎಚ್ ಬದಲಾದಂತೆ ಬಣ್ಣ ಬದಲಿಸುವ ವಸ್ತು) ಬಣ್ಣ ಬದಲಿಸುವುದು ಪಿಎಚ್ 3.1 ಮತ್ತು 4.4ರ ನಡುವೆ. ಮೇಲಿನ 25 ಮಿ.ಲೀ. ಉದಾಹರಣೆಯಲ್ಲಿ ಆರಂಭದ ಪಿಎಚ್ 2.88. ಸುಮಾರು 7.5 ಮಿ.ಲೀ. ಪ್ರತ್ಯಾಮ್ಲ ಬೀಳುವಷ್ಟರಲ್ಲೇ ಪಿಎಚ್ 4.4 ತಲುಪಿರುತ್ತದೆ, ಅಂದರೆ ಆಮ್ಲದಲ್ಲಿ 30% ಮಾತ್ರ ಮುಗಿದಿರುತ್ತದೆ. ಬಣ್ಣ ಒಂದು ಹನಿಗೆ ಥಟ್ಟನೆ ತಿರುಗದೆ, ಹಲವು ಮಿ.ಲೀ. ಉದ್ದಕ್ಕೂ ಕೆಂಪಿನಿಂದ ಹಳದಿಗೆ ತೆವಳುತ್ತದೆ. ಹಾಗೆ ತೆವಳುವುದನ್ನು ಕಂಡರೆ ಸೂಚಕದ ಆಯ್ಕೆ ತಪ್ಪಿದೆ ಎಂದೇ ತಿಳಿಯಿರಿ.

ಸಮಾನಬಿಂದುವಿನಲ್ಲಿ, ಅಂದರೆ ಆಮ್ಲಕ್ಕೆ ಸರಿಸಮ ಪ್ರತ್ಯಾಮ್ಲ ಬಿದ್ದಾಗ, ಫ್ಲಾಸ್ಕಿನಲ್ಲಿ ಉಳಿಯುವುದು 0.05 ಮೋಲಾರ್ ಸೋಡಿಯಂ ಅಸಿಟೇಟ್. ಅಸಿಟೇಟ್ ತಾನೇ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಪಿಎಚ್ ಅಲ್ಲಿ 7 ಅಲ್ಲ, 8.73. ಸುಮಾರು 8.2ರಿಂದ 10ರ ನಡುವೆ ಗುಲಾಬಿಗೆ ತಿರುಗುವ ಫಿನಾಲ್ಫ್ತಲೀನ್ ಸರಿಯಾಗಿ ಹೊಂದುತ್ತದೆ. ಅರ್ಧ ದಾರಿಯಲ್ಲಿ, 12.5 ಮಿ.ಲೀ. ಬಿದ್ದಾಗ, ಪಿಎಚ್ ಓದಿಟ್ಟುಕೊಳ್ಳಿ: ಅದೇ ಆಮ್ಲದ ಪಿಕೆಎ.

ಎರಡೂ ಬಗೆಯ ಆಮ್ಲಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ ತೋರಿಸುವುದು ಹೇಗೆ?

ಒಂದೇ ಸಾರತೆಯ ಎರಡು ದ್ರಾವಣ ಬೇಕು. 1 ಮೋಲಾರ್ ದ್ರಾವಣ 100 ಮಿ.ಲೀ. ಮಾಡಲು 37% ಹೈಡ್ರೋಕ್ಲೋರಿಕ್ ಆಮ್ಲ 8.3 ಮಿ.ಲೀ., ಅಥವಾ ಗ್ಲೇಸಿಯಲ್ ಅಸಿಟಿಕ್ ಆಮ್ಲ 5.75 ಮಿ.ಲೀ. ಫ್ಲಾಸ್ಕಿನಲ್ಲಿ ಮೊದಲು ಅರ್ಧಕ್ಕಿಂತ ಹೆಚ್ಚು ಬಟ್ಟಿ ಇಳಿಸಿದ ನೀರು ಇರಲಿ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಮೂರೂ ಬೇಕು. ದ್ರಾವಣ ತಣ್ಣಗಾದ ಮೇಲೆ ಗೆರೆಯವರೆಗೆ ತುಂಬಿ. ಗ್ಲೇಸಿಯಲ್ ಅಸಿಟಿಕ್ ಆಮ್ಲ 16.6 °ಸೆ ಕೆಳಗೆ ಗಡ್ಡೆ ಕಟ್ಟುತ್ತದೆ. ಹಾಗಾಗಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿಕೊಳ್ಳಿ. ಬೆಂಕಿಯ ಹತ್ತಿರ ಒಯ್ಯಬೇಡಿ, ಅದರ ಆವಿ ಹೊತ್ತಿಕೊಳ್ಳುತ್ತದೆ.

ವಾಹಕತೆ ಅಳೆಯಲು ಎರಡನ್ನೂ 0.1 ಮೋಲಾರ್‌ಗೆ ಇಳಿಸಿ. ಹೈಡ್ರೋಕ್ಲೋರಿಕ್ ಸೆಂ.ಮೀ.ಗೆ ಸುಮಾರು 39 ಮಿಲಿಸೀಮೆನ್ಸ್ ತೋರಿಸುತ್ತದೆ, ಅಸಿಟಿಕ್ ಸುಮಾರು 0.5. ಯಾವಾಗಲೂ ಅಸಿಟಿಕ್ ಆಮ್ಲವನ್ನೇ ಮೊದಲು ಅಳೆಯಿರಿ; ವಿದ್ಯುದ್ವಾರಕ್ಕೆ ಅಂಟಿದ ಹೈಡ್ರೋಕ್ಲೋರಿಕ್‌ನ ಒಂದು ಹನಿಯೂ ಎರಡನೇ ಅಂಕಿಯನ್ನು ಕೆಡಿಸುತ್ತದೆ. ಅಸಿಟಿಕ್ ಆಮ್ಲದ ಮೋಲಾರ್ ವಾಹಕತೆ (ವಾಹಕತೆಯನ್ನು ಸಾರತೆಯಿಂದ ಭಾಗಿಸಿದ್ದು, ಸೀಮೆನ್ಸ್·ಸೆಂ.ಮೀ.²/ಮೋಲ್) ಈ ಸಾರತೆಯಲ್ಲಿ 5.2, ಅಣುಗಳೆಲ್ಲ ಒಡೆದಿರುವ ಅನಂತ ಸಾರರಿಕ್ತತೆಯಲ್ಲಿ 390.7. ಭಾಗಿಸಿದರೆ 1.33%. ಪಿಎಚ್‌ನಿಂದ ಬಂದ ಉತ್ತರವೇ ಬೇರೆ ದಾರಿಯಲ್ಲಿ ಸಿಕ್ಕಿತು.

ಮೆಗ್ನೀಸಿಯಂ ಪಟ್ಟಿಯ ಪ್ರಯೋಗಕ್ಕೆ 1 ಮೋಲಾರ್ ದ್ರಾವಣ 20 ಮಿ.ಲೀ., ಪಟ್ಟಿ 0.05 ಗ್ರಾಂ. ಹೈಡ್ರೋಕ್ಲೋರಿಕ್‌ನಲ್ಲಿ ಗುಳ್ಳೆ ರಭಸದಿಂದ ಏಳುತ್ತದೆ, ಅಸಿಟಿಕ್‌ನಲ್ಲಿ ನಿಧಾನ. ಕೊನೆಗೆ ಸಿಗುವ ಹೈಡ್ರೋಜನ್ ಎರಡರಲ್ಲೂ ಒಂದೇ, ಸುಮಾರು 50 ಮಿ.ಲೀ. ಪಟ್ಟಿಯನ್ನು ಮರಳುಕಾಗದದಿಂದ ಉಜ್ಜದಿದ್ದರೆ ಆಕ್ಸೈಡ್ ಪದರ ಕರಗುವವರೆಗೆ ಗುಳ್ಳೆ ತಡವಾಗುತ್ತದೆ, ಹೋಲಿಕೆ ಕೆಡುತ್ತದೆ.

0.1 ಮೋಲಾರ್ ಹೈಡ್ರೋಕ್ಲೋರಿಕ್‌ಗೆ ನಮ್ಮ ಮೀಟರ್ 1.1 ತೋರಿಸುತ್ತಿದೆ. ಕೆಟ್ಟಿದೆಯೇ?

ಇಲ್ಲ, ಮೀಟರ್ ಸರಿಯಾಗಿಯೇ ಇದೆ. ಅದು ಅಳೆಯುವುದು ಸಾರತೆಯನ್ನಲ್ಲ, ಸಕ್ರಿಯತೆಯನ್ನು (ಅಯಾನುಗಳ ಪರಸ್ಪರ ಸೆಳೆತದ ನಡುವೆ ಪರಿಣಾಮಕ್ಕೆ ಬರುವ ಸಾರತೆ). ಈ ಸಾರತೆಯಲ್ಲಿ ಸಕ್ರಿಯತೆಯ ಗುಣಾಂಕ ಸುಮಾರು 0.8, ಹಾಗಾಗಿ 1.1 ಬರಲೇಬೇಕು. ಇದನ್ನು ‘ಪೂರ್ತಿ ಒಡೆದಿಲ್ಲ’ ಎಂದು ಬರೆದಿಡುವುದು ತಪ್ಪು. ಪಿಎಚ್ ಸುಲಭವಾಗಿ ಬದಲಾಗದ ದ್ರಾವಣಗಳಾದ 4 ಮತ್ತು 7ರ ಬಫರ್‌ಗಳಲ್ಲಷ್ಟೇ ಮೀಟರ್ ಹೊಂದಿಸಿದ್ದರೆ, ಇಷ್ಟು ಕೆಳಗಿನ ಪಿಎಚ್‌ಗೆ 1.68ರ ಬಫರನ್ನೂ ಬಳಸಿ.

ಅಸಿಟಿಕ್ ಆಮ್ಲಕ್ಕೆ ಸೋಡಿಯಂ ಅಸಿಟೇಟ್ ಸೇರಿಸಿದರೆ?

ಅಸಿಟೇಟ್ ಹೆಚ್ಚಾದ ಕಾರಣ ಸಮತೋಲ ಹಿಂದಕ್ಕೆ ಸರಿಯುತ್ತದೆ. ಎರಡೂ 0.1 ಮೋಲಾರ್ ಇದ್ದರೆ ಪಿಎಚ್ 2.88ರಿಂದ 4.76ಕ್ಕೆ ಏರುತ್ತದೆ, ವಿಯೋಜನೆ 1.3%ರಿಂದ 0.0175%ಗೆ ಕುಸಿಯುತ್ತದೆ. ಈಗ ಇದೊಂದು ಬಫರ್. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಉಪ್ಪು ಹಾಕಿದರೆ ಹೀಗಾಗುವುದಿಲ್ಲ, ಕ್ಲೋರೈಡ್‌ಗೆ ಪ್ರೋಟಾನ್ ಮರಳಿ ಬೇಕಿಲ್ಲ.

ಬಟ್ಟಿ ಇಳಿಸಿದ ನೀರಿನ ಪಿಎಚ್ 7 ಬರುತ್ತಿಲ್ಲವಲ್ಲ?

ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಕರಗಿ ಕಾರ್ಬಾನಿಕ್ ಆಮ್ಲವಾಗಿ, ಪಿಎಚ್ ಸುಮಾರು 5.6ಕ್ಕೆ ಬರುತ್ತದೆ. ಕುದಿಸಿ, ಮುಚ್ಚಿ ಆರಿಸಿದರೆ 7ರ ಹತ್ತಿರ ಹೋಗುತ್ತದೆ.

ಆಮ್ಲ ಚೆಲ್ಲಿದರೆ, ದುರ್ಬಲ ಆಮ್ಲಕ್ಕೆ ಕಡಿಮೆ ಸೋಡಿಯಂ ಬೈಕಾರ್ಬನೇಟ್ ಸಾಕೇ?

ಟೈಟ್ರೇಶನ್‌ನ ಲೆಕ್ಕವೇ ಇಲ್ಲಿಯೂ. 1 ಮೋಲಾರ್ ದ್ರಾವಣ 100 ಮಿ.ಲೀ. ಚೆಲ್ಲಿದರೆ, ಹೈಡ್ರೋಕ್ಲೋರಿಕ್ ಆಗಲಿ ಅಸಿಟಿಕ್ ಆಗಲಿ, 8.4 ಗ್ರಾಂ ಬೇಕು. ತುಸು ಹೆಚ್ಚೇ ಹಾಕಿ. ಅಂಚಿನಿಂದ ನಡುವಿಗೆ ಉದುರಿಸುತ್ತ ಬನ್ನಿ, ನೊರೆ ನಿಂತ ಮೇಲೆ ಇನ್ನೊಂದು ಚಿಟಿಕೆ ಹಾಕಿ ಮತ್ತೆ ನೊರೆ ಏಳುತ್ತದೆಯೇ ನೋಡಿ, ಆಮೇಲೆ ಒರೆಸಿ. ಮೈಮೇಲೆ ಬಿದ್ದರೆ ಮಾತ್ರ ಬೈಕಾರ್ಬನೇಟ್ ಹುಡುಕುತ್ತ ನಿಲ್ಲಬೇಡಿ. ಒದ್ದೆಯಾದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ.